‘ಆ ದುಡ್ಡಿಗೆ ಚೆನ್ನಾಗಿತ್ತು’ ಎನ್ನುವವರಿಗೆ

‘ಆ ದುಡ್ಡಿಗೆ ಅದು ಚೆನ್ನಾಗಿತ್ತು ಬಿಡಿ’ ಎಂಬ ಮಾತಿನ ಮೇಲೆ ನನಗೆ ತಕರಾರಿದೆ. ಹಳೆಯ ಟಿವಿ ಗೇಮ್‌ಗಳ ಪ್ರಸ್ತಾಪ ಬಂದ ಕಡೆಯಲ್ಲೆಲ್ಲ ಈ ಮಾತು ಬಂದೇ ಬರುತ್ತದೆ. ಹೇಳುವವರು ಸಾಮಾನ್ಯವಾಗಿ ನನಗಿಂತ ಐದಾರು ವರ್ಷ ದೊಡ್ಡವರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು, ತಮ್ಮನ್ನು ‘ನೈಂಟೀಸ್ ಕಿಡ್ಸ್’ ಎಂದು ಕರೆದುಕೊಳ್ಳುವವರು. ಮಾತಿನಲ್ಲಿ ಪ್ರೀತಿ ಇರುತ್ತದೆ, ಕಣ್ಣಂಚಿನಲ್ಲಿ ಒಂದಿಷ್ಟು ನೀರೂ ಇರಬಹುದು. ಆದರೆ ಆಟ ಹೇಗಿತ್ತು ಎಂದು ಕೇಳಿ ನೋಡಿ. ಅದರಲ್ಲಿ ಯಾವುದು ಒಳ್ಳೆಯದಿತ್ತು, ಯಾವುದು ಕೆಟ್ಟದಿತ್ತು, ಎಲ್ಲಿ ಬೇಜಾರಾಗುತ್ತಿತ್ತು ಎಂದು ಕೇಳಿ. ಉತ್ತರ ಹೊರಡುವುದಿಲ್ಲ. ‘ಅಯ್ಯೋ, ಏಳುನೂರು ರೂಪಾಯಿಗೆ ಇನ್ನೇನು ಬರುತ್ತೆ?’ ಎನ್ನುತ್ತಾರೆ. ಬೆಲೆ ಹೇಳಿದ ಕೂಡಲೇ ವಿಮರ್ಶೆಯೂ ಮುಗಿದು ಹೋಗುತ್ತದೆ.

ನಾನು ಕನ್ನಡ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು. ವಿಡಿಯೊ ಗೇಮ್‌ಗೂ ನನ್ನ ಸಂಶೋಧನೆಗೂ ಸಂಬಂಧವಿಲ್ಲ. ಆದರೂ ಈ ಮಾತು ಇಷ್ಟು ಚುಚ್ಚಲು ಕಾರಣ, ಇದನ್ನೇ ನಮ್ಮ ಕಡೆಯ ಪುಸ್ತಕಗಳ ಬಗ್ಗೆ, ಬರೆಯುವವರ ಬಗ್ಗೆ ಬೇರೆ ಪದಗಳಲ್ಲಿ ಕೇಳುತ್ತಾ ಬಂದಿದ್ದೇನೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಆಟದ ವಿಷಯ ಮುಗಿಸೋಣ.

2005ರ ಸುಮಾರಿಗೆ ತುರುವೇಕೆರೆಯಲ್ಲಿ ನಮ್ಮ ದೊಡ್ಡಪ್ಪನ ಮನೆಗೆ ಒಂದು ‘ಕಂಪ್ಯೂಟರ್’ ಬಂತು. ತಿಪಟೂರಿನ ಅಂಗಡಿಯೊಂದರಲ್ಲಿ ಕೊಂಡದ್ದು. ಒಂದು ಕೀಬೋರ್ಡು, ಅದಕ್ಕೊಂದು ಮೌಸು, ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ಎರಡು ಕ್ಯಾಸೆಟ್ಟು. ಮಾನಿಟರ್ ಇಲ್ಲ, ಮನೆಯ ಟಿವಿಗೇ ವೈರು ಸಿಕ್ಕಿಸಬೇಕು. ಒಂದು ಕ್ಯಾಸೆಟ್ಟಿನಲ್ಲಿ ಟೈಪಿಂಗ್ ಕಲಿಯುವುದು, ಲೆಕ್ಕ, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇತ್ಯಾದಿ ಇದ್ದವು. ದೊಡ್ಡಪ್ಪ ದುಡ್ಡು ಬಿಚ್ಚಿದ್ದು ಈ ಕ್ಯಾಸೆಟ್ಟಿಗೆ. ನಾವು ಇನ್ನೊಂದನ್ನು ಹಾಕಿಕೊಂಡೆವು. ಬೇಸಿಕ್‌ನಲ್ಲಿ ಏನು ಬರೆದರೂ ಉಳಿಸಿಡಲು ಜಾಗವಿರಲಿಲ್ಲ, ಕರೆಂಟ್ ಹೋದರೆ ಬರೆದದ್ದೂ ಹೋಯಿತು. ನಮ್ಮ ಕಡೆ ಆಗ ಕರೆಂಟ್ ಎಷ್ಟು ಹೊತ್ತು ಇರುತ್ತಿತ್ತೆಂದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಪೆಟ್ಟಿಗೆಯೊಳಗೆ ಇದ್ದದ್ದು ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು. ಅದರ ಪ್ರೊಸೆಸರ್ 6502 ಎಂಬ ಚಿಪ್‌ನ ವಂಶದ್ದು. ಮಾಸ್ ಟೆಕ್ನಾಲಜಿ ಎಂಬ ಅಮೆರಿಕದ ಕಂಪನಿ 1975ರಲ್ಲಿ ಅದನ್ನು 25 ಡಾಲರಿಗೆ ಮಾರಲು ನಿಂತಾಗ, ಬೇರೆ ಕಂಪನಿಗಳ ಚಿಪ್‌ಗಳ ಬೆಲೆ ಅದರ ಹಲವು ಪಟ್ಟು ಇತ್ತು. ಆಪಲ್-2, ಕಮೊಡೋರ್-64, ಬಿಬಿಸಿ ಮೈಕ್ರೊ ಎಲ್ಲ ಇದೇ ವಂಶದವು. 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟ ಕಂಪ್ಯೂಟರ್ ಇದೇ ಬಿಬಿಸಿ ಮೈಕ್ರೊ. ಅಂದರೆ, ಇಪ್ಪತ್ತು ವರ್ಷ ತಡವಾಗಿ, ನಕಲಿನ ನಕಲಾಗಿ, ಹೋಮ್ ಕಂಪ್ಯೂಟರ್ ಎಂಬುದು ನಮ್ಮ ಬೀದಿಗೂ ಬಂದಿತ್ತು. 2008ರ ಸುಮಾರಿಗೆ ಪ್ಲೇಪವರ್ ಎಂಬ ಗುಂಪು ಇಂಥವೇ ‘ಹನ್ನೆರಡು ಡಾಲರ್ ಕಂಪ್ಯೂಟರ್’ಗಳಿಗೆ ಕಲಿಕೆಯ ಆಟಗಳನ್ನು ಮಾಡಲು ಹೊರಟಾಗ ಹೊರಗಿನವರೂ ಇವನ್ನು ಗಮನಿಸಿದರು.

ಎರಡನೇ ಕ್ಯಾಸೆಟ್ಟಿನ ಮೇಲೆ 9999 ಆಟಗಳಿವೆ ಎಂದು ಬರೆದಿತ್ತು. ಇದ್ದದ್ದು ಮೂವತ್ತೋ ನಲವತ್ತೋ, ಉಳಿದವೆಲ್ಲ ಅವೇ ಮತ್ತೆ. ಅದರಲ್ಲಿ ನಾವು ‘ಕಾರ್ ಗೇಮ್’ ಎನ್ನುತ್ತಿದ್ದ ಆಟದ ನಿಜವಾದ ಹೆಸರು ರೋಡ್ ಫೈಟರ್. ಕೊನಾಮಿ ಕಂಪನಿ 1984ರಲ್ಲಿ ಆರ್ಕೇಡ್ ಅಂಗಡಿಗಳಿಗೆಂದು ಮಾಡಿದ್ದು, 1985ರಲ್ಲಿ ಎಂಎಸ್ಎಕ್ಸ್ ಎಂಬ ಹೋಮ್ ಕಂಪ್ಯೂಟರಿಗೂ ಫ್ಯಾಮಿಕಾಮಿಗೂ ಬಂತು. ಈ ವಿವರವೆಲ್ಲ ನನಗೆ ತಿಳಿದದ್ದು ಆಡಿ ಹದಿನೈದು ವರ್ಷವಾದ ಮೇಲೆ.

ಆಡದವರಿಗಾಗಿ ಹೇಳುತ್ತೇನೆ. ರಸ್ತೆಯನ್ನು ಮೇಲಿನಿಂದ ನೋಡುತ್ತೀರಿ, ಹದ್ದಿನ ಕಣ್ಣಿನಿಂದ ನೋಡಿದ ಹಾಗೆ. ನಿಮ್ಮದು ಕೆಂಪು ಕಾರು. ಒಂದು ಬಟನ್ ಒತ್ತಿದರೆ ವೇಗ 200 ಚಿಲ್ಲರೆಗೆ ಬಂದು ನಿಲ್ಲುತ್ತದೆ, ಇನ್ನೊಂದನ್ನು ಒತ್ತಿದರೆ 400 ಕಿ.ಮೀ.ವರೆಗೆ ಏರುತ್ತದೆ. ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ. ನಿಧಾನಕ್ಕೆ ಹೋದರೆ ಉಳಿಯುತ್ತದೆಂದುಕೊಂಡರೆ ಗುರಿ ಮುಟ್ಟುವ ಮೊದಲೇ ಖಾಲಿ. ಜೋರಾಗಿ ಹೋದರೆ ಗುದ್ದುತ್ತೀರಿ, ಗುದ್ದಿದರೆ ಮತ್ತೆ ಸೊನ್ನೆಯಿಂದ ವೇಗ ಎತ್ತಬೇಕು, ಅಷ್ಟರಲ್ಲಿ ಪೆಟ್ರೋಲ್ ಇನ್ನಷ್ಟು ಹೋಗಿರುತ್ತದೆ. ನಡುವೆ ಬಣ್ಣಬಣ್ಣದ ಕಾರೊಂದು ಬರುತ್ತದೆ, ಅದನ್ನು ಮುಟ್ಟಿದರೆ ಒಂದಿಷ್ಟು ಪೆಟ್ರೋಲ್ ಸಿಗುತ್ತದೆ. ಮಿಕ್ಕ ಯಾವುದನ್ನೂ ಮುಟ್ಟಬಾರದು.

ಹಳದಿ ಕಾರು ತನ್ನ ಪಾಡಿಗೆ ನೇರ ಹೋಗುತ್ತದೆ. ಕೆಂಪು ಕಾರು ನೀವು ಹತ್ತಿರ ಬಂದಾಗ ಒಂದು ಕಡೆ ಸರಿಯುತ್ತದೆ. ನೀಲಿ ಕಾರು ನಿಮಗೇ ಅಡ್ಡ ಬರಲು ನೋಡುತ್ತದೆ. ಲಾರಿಗೆ ತಾಗಿದರೆ ಅಲ್ಲೇ ಸ್ಫೋಟ. ಈ ನಾಲ್ಕು ವಾಕ್ಯಗಳಲ್ಲಿ ನಾನು ಹೇಳಿದ್ದನ್ನು ನಮ್ಮ ಬೀದಿಯ ಮಕ್ಕಳು ಯಾರ ಹಂಗೂ ಇಲ್ಲದೆ, ಕೈಪಿಡಿ ಇಲ್ಲದೆ, ಇಂಗ್ಲಿಷ್ ಓದಲು ಬಾರದೆ, ಬರೀ ನೋಡಿ ಕಂಡುಕೊಂಡಿದ್ದರು. ಕಂಡುಕೊಂಡು ಸುಮ್ಮನಿರಲಿಲ್ಲ, ಜಗಳವಾಡುತ್ತಿದ್ದರು. ‘ನೀಲಿದು ಮೋಸದ್ದು ಕಣ್ಲಾ, ನಾವು ಎತ್ತಗೆ ಹೋಯ್ತೀವೋ ಅತ್ತಗೇ ಬತ್ತದೆ’ ಎಂಬುದು ಒಂದು ಪಕ್ಷ. ‘ಮೋಸ ಏನಿಲ್ಲ, ಅದು ನಿನ್ನ ನೋಡ್ಕಂಡು ಬತ್ತದೆ, ಬಲಕ್ಕೆ ಹೋಯ್ತೀನಿ ಅಂತ ತೋರ್ಸಿ ಎಡಕ್ಕೆ ಹೋಗು’ ಎಂಬುದು ಇನ್ನೊಂದು. ಎರಡನೆಯದನ್ನು ಹೇಳಿದವನಿಗೆ ಆಗ ಹನ್ನೊಂದು ವರ್ಷ. ಆಟ ತನ್ನನ್ನು ಗಮನಿಸುತ್ತಿದೆ ಎಂದು ಅವನಿಗೆ ಅನಿಸಿತ್ತು. ಆ ಗಮನಿಸುವಿಕೆಯನ್ನೇ ಅದರ ವಿರುದ್ಧ ತಿರುಗಿಸಬಹುದು ಎಂದೂ ಹೊಳೆದಿತ್ತು. ಕೃತಿ ತನ್ನ ಓದುಗನನ್ನು ಹೇಗೆ ಊಹಿಸಿಕೊಳ್ಳುತ್ತದೆ ಎಂಬುದನ್ನು ನಾವು ಎಂ.ಎ. ತರಗತಿಯಲ್ಲಿ ಒಂದು ಸೆಮಿಸ್ಟರ್ ಓದುತ್ತೇವೆ.

ಅದೇ ಕ್ಯಾಸೆಟ್ಟಿನಲ್ಲಿ ಎಫ್-1 ರೇಸ್ ಎಂಬ ಇನ್ನೊಂದು ಕಾರಿನ ಆಟವೂ ಇತ್ತು, ನಿಂಟೆಂಡೊದ್ದೇ, 1984ರದು. ಅದರಲ್ಲಿ ರಸ್ತೆ ಕಣ್ಣೆದುರಿನಿಂದ ಬಾಗಿ ಬಾಗಿ ಬರುತ್ತದೆ, ನೋಡಲು ಹೆಚ್ಚು ‘ನಿಜ’. ದೊಡ್ಡವರು ಯಾರಾದರೂ ಬಂದು ಕುಳಿತರೆ ಅದನ್ನೇ ಮೆಚ್ಚುತ್ತಿದ್ದರು. ಮಕ್ಕಳಲ್ಲಿ ಮತಭೇದವಿತ್ತು. ಮೂಲೆ ಮನೆಯ ಹುಡುಗನಿಗೆ ಎಫ್-1 ಇಷ್ಟ, ಅದರಲ್ಲಿ ತಿರುವು ಇದೆ ಎಂಬ ಕಾರಣಕ್ಕೆ. ಮೇಷ್ಟ್ರ ಮಗಳಿಗೆ ಅದು ಸೇರುತ್ತಿರಲಿಲ್ಲ. ಅವಳ ವಾದ ನನಗಿನ್ನೂ ನೆನಪಿದೆ. ಎಫ್-1ರಲ್ಲಿ ಸೋಲಿಸುವುದು ಗಡಿಯಾರ. ಟೈಮ್ ಆಯಿತು, ಮುಗಿಯಿತು. ಕಾರ್ ಗೇಮಿನಲ್ಲಿ ಸೋಲಿಸುವುದು ಪೆಟ್ರೋಲ್. ಪೆಟ್ರೋಲ್ ಮುಗಿದ ಮೇಲೂ ಕಾರು ತುಸು ದೂರ ಹಂಗೇ ಉರುಳಿಕೊಂಡು ಹೋಗುತ್ತದಲ್ಲ, ಆಗ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಅದು ಎಫ್-1ರಲ್ಲಿ ಆಗುವುದಿಲ್ಲ ಎನ್ನುತ್ತಿದ್ದಳು. ಬೈಕು ರಿಸರ್ವಿಗೆ ಬಿದ್ದು ಕೆ.ಬಿ. ಕ್ರಾಸಿನ ಬಂಕ್ ಮುಟ್ಟುತ್ತೇವೋ ಇಲ್ಲವೋ ಎಂದು ಅಪ್ಪನ ಬೆನ್ನಿಗೆ ಅಂಟಿಕೊಂಡು ಕೂತ ಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತಿತ್ತು.

ಇವರಲ್ಲಿ ಒಬ್ಬರೂ ‘ಏಳುನೂರು ರೂಪಾಯಿಗೆ ಪರವಾಗಿಲ್ಲ’ ಎನ್ನಲಿಲ್ಲ. ಬೆಲೆ ಗೊತ್ತಿತ್ತು. ದೊಡ್ಡಮ್ಮ ವಾರಕ್ಕೆರಡು ಸಲ ನೆನಪಿಸುತ್ತಿದ್ದರು. ಆದರೂ ಬೆಲೆಯನ್ನು ಆಟದ ಒಳಗೆ ಯಾರೂ ಬಿಟ್ಟುಕೊಳ್ಳಲಿಲ್ಲ.

ಇನ್ನೊಂದು ಸಂಗತಿ ಇದೆ. ಯಂತ್ರ ಒಂದು, ಮಕ್ಕಳು ಎಂಟು. ಕಾರ್ ಗೇಮ್ ಆಡಲು ಒಬ್ಬರಿಗಷ್ಟೇ ಆಗುತ್ತಿತ್ತು. ಹಾಗಾಗಿ ಒಬ್ಬ ಆಡುತ್ತಿದ್ದರೆ ಏಳು ಜನ ನೋಡುತ್ತಿದ್ದರು. ಹುಡುಗಿಯರ ಸರದಿ ಬರುವ ಹೊತ್ತಿಗೆ ಕರೆಂಟ್ ಹೋಗಿರುತ್ತಿತ್ತು, ಇಲ್ಲವೇ ಊಟಕ್ಕೆ ಕರೆ ಬಂದಿರುತ್ತಿತ್ತು. ನಾನು ಆಡಿದ್ದಕ್ಕಿಂತ ನೋಡಿದ್ದು ಹತ್ತು ಪಟ್ಟು. ಕಂಪನಿಗಳ ಲೆಕ್ಕದಲ್ಲಿ ‘ಆಟಗಾರ’ ಎಂದರೆ ರಿಮೋಟ್ ಹಿಡಿದವನು ಮಾತ್ರ. ನಮ್ಮಲ್ಲಿ ಅಭಿಪ್ರಾಯ ಹುಟ್ಟುತ್ತಿದ್ದದ್ದು ಹಿಂದೆ ಕುಳಿತವರಲ್ಲಿ. ಆಡುವವನಿಗೆ ಯೋಚಿಸಲು ಪುರುಸೊತ್ತೆಲ್ಲಿ?

ತುಮಕೂರು ಜಿಲ್ಲೆಯಲ್ಲಿ ಪೌರಾಣಿಕ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಕುರುಕ್ಷೇತ್ರ ಆಡಿಸುವಾಗ ಪಾತ್ರಧಾರಿಗಳು ತಮ್ಮ ದುಡ್ಡು ಹಾಕಿ ಪಾತ್ರ ತೆಗೆದುಕೊಳ್ಳುತ್ತಾರೆ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರುತ್ತಾರೆ. ದುರ್ಯೋಧನ ನಮ್ಮ ಊರಿನವನೇ, ಬೆಳಗ್ಗೆ ಹಾಲು ಹಾಕಲು ಡೈರಿಗೆ ಬರುವವನೇ. ಆದರೂ ರಾತ್ರಿ ಎರಡು ಗಂಟೆಗೆ ಅವನ ಶ್ರುತಿ ತಪ್ಪಿದರೆ ಚಾಪೆಯ ಮೇಲಿನ ಅಜ್ಜ ಬಿಡುವುದಿಲ್ಲ. ‘ಪಾಪ, ಕೂಲಿನಾಲಿ ಮಾಡ್ಕಂಡು ಇಷ್ಟು ಹಾಡ್ತಾನಲ್ಲ’ ಎಂದು ಅಜ್ಜ ಹೇಳುವುದಿಲ್ಲ. ಹಾಗೆ ಹೇಳುವುದು ಮುಂದಿನ ಸಾಲಿನ ಕುರ್ಚಿಯಲ್ಲಿ ಶಾಲು ಹೊದಿಸಿಕೊಂಡು ಕುಳಿತು, ಹನ್ನೊಂದಕ್ಕೆ ಎದ್ದು ಕಾರು ಹತ್ತುವ ಅತಿಥಿ.

ಇಂಥ ಮಾತುಗಳನ್ನು ಅಚ್ಚು ಮಾಡಿದ ಊರೊಂದು ಇದೆ. ಇಂಗ್ಲೆಂಡಿನ ಲಡ್ಲೊ, ಶ್ರಾಪ್‌ಷೈರ್ ಜಿಲ್ಲೆಯ ಒಂದು ಸಣ್ಣ ಸಂತೆಪಟ್ಟಣ. ಅಲ್ಲಿಂದ 1984ರಲ್ಲಿ ‘ಕ್ರ್ಯಾಶ್’ ಎಂಬ ಪತ್ರಿಕೆ ಹೊರಟಿತು, ಝಡ್ಎಕ್ಸ್ ಸ್ಪೆಕ್ಟ್ರಮ್ ಎಂಬ ಅಗ್ಗದ ಹೋಮ್ ಕಂಪ್ಯೂಟರಿನ ಆಟಗಳಿಗೆಂದೇ. ಆಟಗಳನ್ನು ಅಳೆಯಲು ಅವರು ಊರಿನ ಶಾಲಾ ಹುಡುಗರನ್ನೇ ಕೂರಿಸಿದರು. ಒಂದು ಆಟಕ್ಕೆ ಮೂವರ ಅಭಿಪ್ರಾಯ, ಅಕ್ಕಪಕ್ಕ. ಒಬ್ಬರಿಗೊಬ್ಬರು ಒಪ್ಪದಿದ್ದರೆ ಒಪ್ಪದೇ ಇರುವುದನ್ನೇ ಅಚ್ಚು ಹಾಕುತ್ತಿದ್ದರು. ಆ ಕಾಲದಲ್ಲಿ ಮಾಸ್ಟರ್‌ಟ್ರಾನಿಕ್, ಕೋಡ್‌ಮಾಸ್ಟರ್ಸ್‌ನಂಥ ಕಂಪನಿಗಳು 1.99 ಪೌಂಡಿಗೆ ಆಟದ ಕ್ಯಾಸೆಟ್ ಮಾರುತ್ತಿದ್ದವು, ಅವುಗಳಲ್ಲಿ ಕಾರಿನ ಆಟಗಳೂ ಇದ್ದವು. ಕ್ರ್ಯಾಶ್ ಪತ್ರಿಕೆಯಲ್ಲಿ ಕೊಟ್ಟ ಹಣಕ್ಕೆ ತಕ್ಕ ಮೌಲ್ಯ ಸಿಗುತ್ತದೆಯೇ ಎಂದು ಅಳೆಯುವ ಪ್ರತ್ಯೇಕ ಅಂಕವೇ ಇತ್ತು. ನನಗೆ ಮುಖ್ಯವೆನಿಸುವುದು ಈ ‘ಪ್ರತ್ಯೇಕ’ ಎಂಬ ಮಾತು. ಚಿತ್ರಕ್ಕೆ ಒಂದು ಅಂಕ, ಆಡುವ ಸೊಗಸಿಗೆ ಒಂದು, ಹಣಕ್ಕೆ ಇನ್ನೊಂದು. ಹಣದ ಅಂಕ ಎಷ್ಟೇ ಬಂದಿರಲಿ, ಸೊಗಸಿನ ಅಂಕವನ್ನು ಬೇರೆಯಾಗಿಯೇ ಕೊಡಬೇಕಿತ್ತು. ಲಡ್ಲೊದ ಹುಡುಗರು ತುರುವೇಕೆರೆಯ ಹುಡುಗರಿಗಿಂತ ಜಾಣರೆಂದು ನನಗೆ ಅನಿಸಿಲ್ಲ. ಅವರ ಊರಿನಲ್ಲಿ ಒಂದು ಅಚ್ಚಿನ ಮನೆ ಅವರ ಮಾತು ಕೇಳಿತು, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಕೇಳಬೇಕಾದವರು ಕೇಳಲಿಲ್ಲ ಎಂಬುದಕ್ಕೆ ವಿಚಿತ್ರವಾದ ಹಿನ್ನೆಲೆ ಇದೆ. ತೀ.ನಂ.ಶ್ರೀ. ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದದೆ ಕನ್ನಡ ಎಂ.ಎ. ಮುಗಿಸಿದವರಿಲ್ಲ. ಸಹೃದಯನೆಂದರೆ ಕಾವ್ಯದ ಒಡನಾಟವನ್ನು ಮತ್ತೆ ಮತ್ತೆ ಮಾಡಿ ಮನಸ್ಸನ್ನು ಕನ್ನಡಿಯ ಹಾಗೆ ತಿಳಿಯಾಗಿಸಿಕೊಂಡವನು ಎಂಬ ವಿಚಾರವನ್ನು ನಾವು ಪರೀಕ್ಷೆಗೆ ಬರೆದು ಬರೆದು ಸವೆಸಿದ್ದೇವೆ. ಒಂದೇ ಆಟವನ್ನು ಮುನ್ನೂರು ಸಲ ನೋಡಿದ ಮೇಷ್ಟ್ರ ಮಗಳಿಗೆ ಆ ಅಭ್ಯಾಸ ಇರಲಿಲ್ಲವೇ? ಕವಿರಾಜಮಾರ್ಗದ ಮಾತನ್ನಂತೂ ಬಿಡಿ, ಓದಿನ ಹಂಗಿಲ್ಲದೆಯೂ ಕಾವ್ಯ ಬಲ್ಲ ಜನರೆಂದು ಪ್ರತಿ ನವೆಂಬರ್‌ನಲ್ಲೂ ಮೈಕಿನ ಮುಂದೆ ಹೇಳಿಕೊಳ್ಳುತ್ತೇವೆ. ಡಿಸೆಂಬರ್ ಬಂದರೆ ಆ ಜನರನ್ನು ‘ಗ್ರಾಮೀಣ ಪ್ರತಿಭೆ’ ಎನ್ನುತ್ತೇವೆ.

ನನ್ನ ನಿಜವಾದ ಸಿಟ್ಟು ಇಲ್ಲಿದೆ. ಒಂದು ಸಂಕಿರಣದಲ್ಲಿ ನಾನು ಪ್ರಬಂಧ ಓದಿದೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕೊನೆಯಲ್ಲಿ ನನ್ನ ಬಗ್ಗೆ ಎರಡು ವಾಕ್ಯ ಹೇಳಿದರು. ತಾಲ್ಲೂಕು ಊರಿನಿಂದ, ಸರ್ಕಾರಿ ಶಾಲೆಯಲ್ಲಿ ಓದಿ ಬಂದ ಹೆಣ್ಣುಮಗಳು ಇಷ್ಟರ ಮಟ್ಟಿಗೆ ಬರೆದಿರುವುದು ಮೆಚ್ಚತಕ್ಕದ್ದು ಎಂದು. ಚಪ್ಪಾಳೆ ಬಿತ್ತು. ನನ್ನ ವಾದ ಸರಿಯೇ ತಪ್ಪೇ ಎಂಬ ಬಗ್ಗೆ ಒಂದು ಅಕ್ಷರ ಬರಲಿಲ್ಲ. ನನ್ನ ನಂತರ ಓದಿದ ಬೆಂಗಳೂರಿನ ಹುಡುಗನಿಗೆ ಅವರೇ ಹತ್ತು ನಿಮಿಷ ಚರ್ಮ ಸುಲಿದರು. ಅಡಿಟಿಪ್ಪಣಿಯಿಂದ ಹಿಡಿದು ತೀರ್ಮಾನದವರೆಗೆ ಒಂದನ್ನೂ ಬಿಡಲಿಲ್ಲ. ಅವನು ಸಪ್ಪೆ ಮುಖ ಮಾಡಿಕೊಂಡು ಊಟಕ್ಕೆ ಬಂದ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ನನ್ನ ಗೆಳತಿಯೊಬ್ಬಳು, ಅವಳೂ ನಮ್ಮ ತಾಲ್ಲೂಕಿನವಳೇ, ಮೊದಲ ಕವನ ಸಂಕಲನ ತಂದಳು. ಬಂದ ವಿಮರ್ಶೆಗಳಲ್ಲೆಲ್ಲ ‘ನೆಲದ ಸೊಗಡು’, ‘ಭರವಸೆಯ ದನಿ’, ‘ತೆಂಗಿನ ನಾಡಿನ ತಂಪು’. ಅವಳ ಪುಸ್ತಕದಲ್ಲಿ ತೆಂಗಿನ ಮರ ಬರುವುದು ಒಂದು ಕಡೆ, ಅದೂ ಸಿಡಿಲು ಹೊಡೆದು ಸತ್ತದ್ದು. ಅವಳು ನನಗೆ ಫೋನ್ ಮಾಡಿ, ‘ಯಾವ ಪದ್ಯ ಕೆಟ್ಟದಾಗಿದೆ ಅಂತ ಒಬ್ರೂ ಹೇಳ್ಲಿಲ್ಲ ಕಣೇ, ನಾನು ಮುಂದೆ ಏನು ಬರೀಲಿ?’ ಎಂದಳು. ಏನು ಹೇಳುವುದೆಂದು ತೋಚಲಿಲ್ಲ. ಕೊನೆಗೆ ನಾವಿಬ್ಬರೇ ಒಂದು ಭಾನುವಾರ ಕೂತು ಐವತ್ತೆರಡರಲ್ಲಿ ಹತ್ತೊಂಬತ್ತನ್ನು ಕಿತ್ತುಹಾಕಿದೆವು. ಪುಸ್ತಕ ಅದಾಗಲೇ ಅಚ್ಚಾಗಿತ್ತು.

ಇದಕ್ಕೆ ಬರುವ ಆಕ್ಷೇಪ ಗೊತ್ತಿದೆ, ಅದು ಹಗುರವಾದದ್ದೇನೂ ಅಲ್ಲ. ಮನೆಯಲ್ಲಿ ಮೊದಲ ಸಲ ಪುಸ್ತಕ ಹಿಡಿದವರಿಗೂ ಮೂರು ತಲೆಮಾರಿನಿಂದ ಓದಿಕೊಂಡು ಬಂದವರಿಗೂ ಒಂದೇ ತಕ್ಕಡಿ ಎಂದರೆ ಅದು ಅನ್ಯಾಯ. ಎದ್ದು ನಿಲ್ಲುತ್ತಿರುವವರನ್ನು ಮೊದಲ ಹೆಜ್ಜೆಗೇ ಬೀಳಿಸಬಾರದು. ಇದನ್ನು ಹೇಳುವವರಲ್ಲಿ ನಾನು ಗೌರವಿಸುವ ಮೇಷ್ಟ್ರುಗಳೂ ಇದ್ದಾರೆ. ಅವರು ಒಲವಿನಿಂದಲೇ ಹೇಳುತ್ತಾರೆ.

ಅವರಿಗೆ ನಾನು ಕೊಬ್ಬರಿಯ ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ಹತ್ತು-ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗೆ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು ಬರಬೇಕು. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ದರ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದಾಗ ನಮ್ಮ ರೈತರು ಬೀದಿಗಿಳಿದರು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಎಂದು ಘೋಷಿಸಿತು. ಅದು ಬೆಂಬಲ. ಅದು ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಚೀಲ ಹೊತ್ತುಕೊಂಡು ಹೋದವರನ್ನು ಕೇಳಿ. ನಿಗದಿಯಾದ ಗುಣಮಟ್ಟ ಇಲ್ಲದಿದ್ದರೆ ಅಲ್ಲಿ ತೂಕಕ್ಕೇ ಹಾಕುವುದಿಲ್ಲ. ತೇವ ಇದೆಯೇ, ಬೂಸ್ಟು ಹಿಡಿದಿದೆಯೇ, ಕೌಟು ಬಂದಿದೆಯೇ ಎಂದು ಒಡೆದು ನೋಡುತ್ತಾರೆ. ‘ಪಾಪ, ಬರಗಾಲದ ಕಾಯಿ, ಕೌಟು ಬಂದಿದ್ದರೂ ಚೆನ್ನಾಗಿದೆ ಅನ್ನಿ’ ಎಂದು ನಮ್ಮ ಯಾವ ರೈತನೂ ಕೇಳಿದ್ದನ್ನು ನಾನು ನೋಡಿಲ್ಲ. ಅವನು ಕೇಳುವುದು ಬೆಳೆಯುವವನಿಗೆ ಬಲ ಕೊಡಿ ಎಂದು. ಹಾಗೆಯೇ ವಿದ್ಯಾರ್ಥಿವೇತನ ಕೊಡಿ, ಗ್ರಂಥಾಲಯ ಕೊಡಿ, ಪುಸ್ತಕ ಅಚ್ಚು ಹಾಕಲು ಅನುದಾನ ಕೊಡಿ, ಮೀಸಲಾತಿಯನ್ನು ಸರಿಯಾಗಿ ಜಾರಿ ಮಾಡಿ, ಸಂಶೋಧನೆಯ ಫೆಲೋಶಿಪ್ ಬರುವುದನ್ನು ಆರು ತಿಂಗಳು ತಡ ಮಾಡಬೇಡಿ. ಪದ್ಯ ಓದುವಾಗ ಮಾತ್ರ ರಿಯಾಯಿತಿ ಬೇಡ. ನಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು. ಕೊಡಬೇಕಾದದ್ದನ್ನು ಕೊಡದೆ, ಬೇಡವಾದ ಕಡೆ ಧಾರಾಳವಾಗಿ ಮೆಚ್ಚುಗೆ ಕೊಡುತ್ತಾರೆ. ಮೆಚ್ಚುಗೆಗೆ ಖರ್ಚಿಲ್ಲ ನೋಡಿ.

ಹಾಗಾದರೆ ಹಿನ್ನೆಲೆ ಲೆಕ್ಕಕ್ಕೇ ಬೇಡವೇ? ಬೇಕು. ಆದರೆ ಅಂಕ ಕೂಡಿಸಲು ಬೇಡ, ಹೆಚ್ಚು ಚೆನ್ನಾಗಿ ನೋಡಲು ಬೇಕು. ಮತ್ತೆ ಆಟಕ್ಕೇ ಹೋಗುತ್ತೇನೆ. ಫ್ಯಾಮಿಕಾಮ್ ಯಂತ್ರದ ಪ್ರೊಸೆಸರ್ ಬಳಸುವ ಕೆಲಸದ ಮೆಮೊರಿ 2 ಕಿಲೋಬೈಟ್. ಪರದೆಯ ಮೇಲೆ ಓಡಾಡುವ ಬಿಡಿಚಿತ್ರಗಳು ಒಟ್ಟು 64, ಒಂದು ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಬಂದರೆ ಉಳಿದವು ಕಾಣದಾಗುತ್ತವೆ. ಇದು ಗೊತ್ತಾದ ಮೇಲೆ ‘ಪಾಪ, ಅಷ್ಟರಲ್ಲೇ ಮಾಡಿದ್ದಾರೆ’ ಎಂದರೆ ನೋಡುವುದನ್ನು ನಿಲ್ಲಿಸಿದಂತೆ. ಇದು ಗೊತ್ತಾದ ಮೇಲೆ ಕೇಳಬೇಕಾದದ್ದು ಬೇರೆ. ರಸ್ತೆ ತುಂಬ ವಾಹನ ತುಂಬಿಸಲಾಗದ ಯಂತ್ರದಲ್ಲಿ ದಟ್ಟಣೆಯ ಭಯವನ್ನು ಇವರು ಹೇಗೆ ಹುಟ್ಟಿಸಿದರು? ಕಾರುಗಳ ಸಂಖ್ಯೆ ಕಡಿಮೆ ಇಟ್ಟು, ಒಂದೊಂದು ಬಣ್ಣಕ್ಕೆ ಒಂದೊಂದು ಸ್ವಭಾವ ಕೊಟ್ಟರು. ಎದುರಿಗೆ ಎರಡೇ ಕಾರಿದ್ದರೂ ಅದರಲ್ಲೊಂದು ನೀಲಿಯಾದರೆ ಸಾಕು, ಕೈ ಬೆವರುತ್ತದೆ. ಆಟದ ಒಳ್ಳೆಯತನ ಇರುವುದು ಇಲ್ಲಿ. ಏಳುನೂರು ರೂಪಾಯಿಯ ಯಂತ್ರದಲ್ಲೂ ಅದು ಇಷ್ಟೇ ಒಳ್ಳೆಯದು, ಎಪ್ಪತ್ತು ಸಾವಿರದ್ದರಲ್ಲೂ ಇಷ್ಟೇ. ಅದೇ ಕ್ಯಾಸೆಟ್ಟಿನಲ್ಲಿ, ಅದೇ 2 ಕಿಲೋಬೈಟಿನಲ್ಲಿ ಕೆಟ್ಟ ಆಟಗಳೂ ಇದ್ದವು. ಎಲ್ಲವೂ ‘ಆ ದುಡ್ಡಿಗೆ ಚೆನ್ನಾಗಿದ್ದರೆ’ ಇವೆರಡರ ವ್ಯತ್ಯಾಸವನ್ನು ಹೇಳುವ ಬಾಯಿ ಯಾವುದು?

ಅದು ಕಳ್ಳಮಾಲು, ಕೊನಾಮಿಗೆ ನಯಾಪೈಸೆ ಹೋಗಿಲ್ಲ, ಅದರ ಮೇಲೆ ವಿಮರ್ಶೆ ಬೇರೆ ಕೇಡು ಎನ್ನುವವರೂ ಇದ್ದಾರೆ. ಜೆರಾಕ್ಸ್ ಪುಸ್ತಕಗಳಲ್ಲಿ ಇಡೀ ಸಾಹಿತ್ಯ ಸಿದ್ಧಾಂತ ಓದಿ ಮುಗಿಸಿದ ವಿಭಾಗವೊಂದರಲ್ಲಿ ಕುಳಿತು ನಾನು ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಅಷ್ಟು ಸಾಕು.

ನನ್ನ ಬೇಡಿಕೆ ಸಣ್ಣದು. ಈ ಪತ್ರಿಕೆಯೂ ಸೇರಿ, ಕನ್ನಡದ ಸಾಹಿತ್ಯ ಪತ್ರಿಕೆಗಳು ಹೊಸ ಬರಹಗಾರರ ಪುಸ್ತಕ ವಿಮರ್ಶೆ ಹಾಕುವಾಗ ಲೇಖಕರ ಊರು, ಅಪ್ಪ-ಅಮ್ಮನ ಕೆಲಸ, ಕಷ್ಟಪಟ್ಟು ಓದಿದ ಕತೆಯನ್ನೆಲ್ಲ ಒಂದು ಬೇರೆ ಪೆಟ್ಟಿಗೆಯಲ್ಲಿ ಹಾಕಲಿ. ವಿಮರ್ಶೆಯ ಒಳಗೆ ಪುಸ್ತಕ ಮಾತ್ರ ಇರಲಿ. ಒಂದು ಪುಸ್ತಕಕ್ಕೆ ಮೂವರು ಓದುಗರನ್ನು ಹಿಡಿದು, ಒಪ್ಪದಿದ್ದರೆ ಒಪ್ಪದೆಯೇ ಅಚ್ಚು ಹಾಕಲಿ. ಆ ಮೂವರಲ್ಲಿ ಒಬ್ಬರಾದರೂ ಎಲ್ಲೂ ಬರೆಯದವರಾಗಿರಲಿ, ಹಿಂದೆ ಕುಳಿತು ನೋಡುವವರು.

ರೋಡ್ ಫೈಟರ್ ಬಗ್ಗೆ ನನ್ನ ಅಭಿಪ್ರಾಯವನ್ನು ಇನ್ನೂ ಪೂರ್ತಿ ಹೇಳಿಲ್ಲ. ನೀಲಿ ಕಾರು ಆ ಆಟದ ಅತ್ಯುತ್ತಮ ಕಲ್ಪನೆ, ಬಣ್ಣಬಣ್ಣದ ಕಾರು ಸೋಮಾರಿ ಕಲ್ಪನೆ. ಪೆಟ್ರೋಲಿನ ಲೆಕ್ಕ ಇಷ್ಟು ಬಿಗಿಯಾಗಿರುವಾಗ ರಸ್ತೆಯ ಮೇಲೆ ಪುಕ್ಕಟೆ ಪೆಟ್ರೋಲ್ ತೇಲಿಬಿಡುವುದು ತಾನೇ ಕಟ್ಟಿದ ಭಯವನ್ನು ತಾನೇ ಸಡಿಲ ಮಾಡಿದಂತೆ. ಗುದ್ದದೆ ಬಹಳ ದೂರ ಹೋದರೆ ಒಬ್ಬ ಹಾರುವ ಮನುಷ್ಯ ಪಕ್ಕದಲ್ಲಿ ಬಂದು ಅಂಕ ಕೊಟ್ಟು ಹೋಗುತ್ತಾನೆ. ನಾವು ಅವನನ್ನು ಸೂಪರ್‌ಮ್ಯಾನ್ ಎನ್ನುತ್ತಿದ್ದೆವು. ಅವನು ಆ ಆಟಕ್ಕೆ ಸೇರಿದವನೇ ಅಲ್ಲ. ಎಲ್ಲಕ್ಕಿಂತ ದೊಡ್ಡ ದೋಷ ಕೊನೆಯದು. ನಾಲ್ಕು ಹಂತ ಮುಗಿಸಿದರೆ ಮತ್ತೆ ಮೊದಲನೆಯದಕ್ಕೇ ತಂದು ಬಿಡುತ್ತದೆ. ಅಷ್ಟು ಪೆಟ್ರೋಲ್ ಸುಟ್ಟು ಎಲ್ಲಿಗೂ ಹೋಗಲಿಲ್ಲ ಎನಿಸುತ್ತದೆ.

ದೊಡ್ಡಪ್ಪನ ಮಗ ಇದನ್ನು ಒಪ್ಪುವುದಿಲ್ಲ. ಅವನೀಗ ಗೂಡ್ಸ್ ಆಟೊ ಇಟ್ಟುಕೊಂಡು ಕಾಯಿ ಸಾಗಿಸುತ್ತಾನೆ. ಕಳೆದ ತಿಂಗಳು ಊರಿಗೆ ಹೋದಾಗ ಈ ಲೇಖನದ ಕರಡನ್ನು ಓದಿ ಹೇಳಿದೆ. ನೀಲಿ ಕಾರಿನ ವಿಷಯ ಸರಿ ಎಂದ. ಕೊನೆಯ ದೋಷದ ಬಗ್ಗೆ, ‘ಅದ್ಯಾಕೆ ತಪ್ಪು? ತಿಪಟೂರಿಗೆ ಕಾಯಿ ಇಳಿಸಿ ವಾಪಸ್ ಬರಲ್ವೇನೆ? ನಾಳೆ ಮತ್ತೆ ಹೋಗಲ್ವಾ? ಅದು ಸರಿಯಾಗೇ ಮಾಡವ್ರೆ’ ಎಂದ. ಹಾಗಾದರೆ ಎರಡನೇ ಸುತ್ತಿನಲ್ಲಿ ರಸ್ತೆಯಾದರೂ ಬದಲಾಗಬೇಕಿತ್ತಲ್ಲ ಎಂದೆ. ‘ನಮ್ ರೋಡ್ ಎಲ್ಲಿ ಬದ್ಲಾಗೈತೆ?’ ಎಂದ. ಇದು ಆಟದ ಸಮರ್ಥನೆ ಆಗುವುದಿಲ್ಲ, ಲೋಕೋಪಯೋಗಿ ಇಲಾಖೆಯ ಮೇಲಿನ ದೂರು ಅಷ್ಟೇ ಎಂದು ವಾದ ಮಾಡಿದೆ. ದೊಡ್ಡಮ್ಮ ಊಟಕ್ಕೆ ಕರೆದರು. ಅವನು ಇನ್ನೂ ಒಪ್ಪಿಲ್ಲ, ನಾನೂ ಒಪ್ಪಿಲ್ಲ.